ಊಟದ ನಡುವೆ ನುಂಗುವ ಕ್ಯಾಪ್ಸೂಲ್: ದಾವಣಗೆರೆಯ ಒಂದು ಖಾನಾವಳಿಯ ಪ್ರಕರಣ

ರೋಗಿಗೆ 48 ವರ್ಷ. ದಾವಣಗೆರೆಯಲ್ಲಿ ಗಂಡ, ಮಗ, ಸೊಸೆ ಜೊತೆ ಸೇರಿ ಸಣ್ಣ ಖಾನಾವಳಿ ನಡೆಸುತ್ತಾರೆ. ಜೋಳದ ರೊಟ್ಟಿ, ಎಣ್ಣೆಗಾಯಿ, ಕಾಳು ಪಲ್ಯ, ಅನ್ನ, ಸಾರು. ಮಧ್ಯಾಹ್ನ ಕಾಲೇಜು ಹುಡುಗರು, ರಾತ್ರಿ ಲಾರಿ ಆಫೀಸಿನವರು. ತೀವ್ರ ಪ್ಯಾಂಕ್ರಿಯಾಟೈಟಿಸ್ (ಮೇದೋಜೀರಕ ಗ್ರಂಥಿಯ ಉರಿಯೂತ) ಆಗಿ ಸುಮಾರು ಎರಡು ತಿಂಗಳು ಆಸ್ಪತ್ರೆಯಲ್ಲಿದ್ದು ಬದುಕಿ ಬಂದವರು. ನಾನು ಆಹಾರತಜ್ಞೆ. ಅವರು ನನ್ನ ಮುಂದೆ ಬಂದು ಕೂತದ್ದು ಡಿಸ್ಚಾರ್ಜ್ ಆಗಿ ಒಂದೂವರೆ ತಿಂಗಳ ನಂತರ, ತೂಕ ಇನ್ನೂ ಇಳಿಯುತ್ತಿದ್ದಾಗ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಐಸಿಯು ಭಾಗವನ್ನು ಇಲ್ಲಿ ಬೇಗ ಮುಗಿಸುತ್ತೇನೆ. ಅದನ್ನು ಡಾಕ್ಟರುಗಳು ಚೆನ್ನಾಗೇ ನೋಡಿಕೊಂಡಿದ್ದರು. ಗೊಂದಲ ಇದ್ದದ್ದು ಮನೆಗೆ ಬಂದ ಮೇಲೆ.

ಕಲ್ಲು ಗೊತ್ತಿತ್ತು

ಪಿತ್ತಕೋಶದಲ್ಲಿ ಕಲ್ಲಿರುವುದು ಒಂದು ವರ್ಷ ಮೊದಲೇ ಸ್ಕ್ಯಾನಿನಲ್ಲಿ ಕಂಡಿತ್ತು. ಎಣ್ಣೆ ಪದಾರ್ಥ ತಿಂದ ದಿನ ಬಲಗಡೆ ಪಕ್ಕೆಲುಬಿನ ಕೆಳಗೆ ಹಿಡಿದುಕೊಳ್ಳುತ್ತಿತ್ತು. ಆಪರೇಷನ್ ಮಾಡಿಸಿಕೊಳ್ಳಿ ಅಂದಿದ್ದರು. ಇವರು ಮುಂದೂಡಿದರು. "ಮಗನ ಮದುವೆ ಆಗ್ಲಿ, ಸೊಸೆ ಬಂದ್ಲು ಅಂದ್ರೆ ಒಲೆ ಮುಂದೆ ಒಬ್ರು ಇರ್ತಾರೆ" ಅನ್ನುವ ಲೆಕ್ಕ. ನೋವು ಬಂದಾಗ ಸೋಡಾ, ಓಂಕಾಳು, ಗ್ಯಾಸಿನ ಮಾತ್ರೆ.

ಸೊಸೆ ಬಂದಳು. ಆಪರೇಷನ್ನಿಗೆ ಮೊದಲೇ ಕಲ್ಲು ಜಾರಿತು. ಪಿತ್ತದ ನಾಳವೂ ಮೇದೋಜೀರಕ ಗ್ರಂಥಿಯ ನಾಳವೂ ಸಣ್ಣ ಕರುಳಿಗೆ ತೆರೆಯುವುದು ಹೆಚ್ಚುಕಡಿಮೆ ಒಂದೇ ಬಾಯಲ್ಲಿ. ಅಲ್ಲಿ ಒಂದು ಸಣ್ಣ ಕಲ್ಲು ಸಿಕ್ಕಿಕೊಂಡರೆ ಸಾಕು. ಊಟ ಅರಗಿಸಬೇಕಾದ ರಸ ಗ್ರಂಥಿಯೊಳಗೇ ಎಚ್ಚೆತ್ತು, ಗ್ರಂಥಿಯನ್ನೇ ಅರಗಿಸಲು ಶುರು ಮಾಡುತ್ತದೆ. ರಾತ್ರಿ ಹನ್ನೊಂದಕ್ಕೆ ನೋವು ಬಂತು. ಹೊಟ್ಟೆಯ ಮೇಲ್ಭಾಗದಿಂದ ಬೆನ್ನಿಗೆ ಹಾದುಹೋಗುವ ನೋವು, ಮಲಗಿದರೆ ಜಾಸ್ತಿ, ಮುಂದಕ್ಕೆ ಬಾಗಿ ಕೂತರೆ ಸ್ವಲ್ಪ ಹಗುರ. ಬಿಡದೆ ವಾಂತಿ. ಹತ್ತಿರದ ಕ್ಲಿನಿಕ್ಕಿನಲ್ಲಿ ಇಸಿಜಿ ತೆಗೆದು ಹೃದಯದ್ದಲ್ಲ ಅಂದರು, ಗ್ಯಾಸಿಗೆ ಇಂಜೆಕ್ಷನ್ ಕೊಟ್ಟರು. ಬೆಳಿಗ್ಗೆ ದೊಡ್ಡಾಸ್ಪತ್ರೆಗೆ ಬರುವ ಹೊತ್ತಿಗೆ ಮೂತ್ರ ಕಡಿಮೆಯಾಗಿತ್ತು, ಉಸಿರು ಮೇಲೆ ಬರುತ್ತಿತ್ತು. ರಕ್ತದಲ್ಲಿ ಲೈಪೇಸ್ (ಕೊಬ್ಬು ಅರಗಿಸುವ ಜೀರ್ಣರಸ) ಮಟ್ಟ ಮಾಮೂಲಿನ ಮೂರು ಪಟ್ಟು ದಾಟಿದರೆ ಅನುಮಾನ ಗಟ್ಟಿ. ಇವರದು ಹತ್ತು ಪಟ್ಟಿಗಿಂತ ಮೇಲಿತ್ತು.

ಈ ಕಾಯಿಲೆ ಬಂದವರಲ್ಲಿ ಹೆಚ್ಚಿನವರು ಒಂದು ವಾರದಲ್ಲಿ ಮನೆಗೆ ಹೋಗುತ್ತಾರೆ. ಸುಮಾರು ಐದರಲ್ಲಿ ಒಬ್ಬರಿಗೆ ಮಾತ್ರ ಕೆರಳುತ್ತದೆ. ಈ ಕಾಯಿಲೆಯ ತೀವ್ರತೆ ಅಳೆಯುವ, 2012ರಲ್ಲಿ ಪರಿಷ್ಕರಿಸಿದ ಅಟ್ಲಾಂಟಾ ವರ್ಗೀಕರಣದ ಪ್ರಕಾರ ಶ್ವಾಸಕೋಶ, ಕಿಡ್ನಿ, ರಕ್ತಪರಿಚಲನೆ ಇವುಗಳಲ್ಲಿ ಯಾವುದಾದರೂ 48 ಗಂಟೆಗಿಂತ ಜಾಸ್ತಿ ಸೋತಿದ್ದರೆ ಅದು 'ತೀವ್ರ'. ಇವರಿಗೆ ಶ್ವಾಸಕೋಶ, ಕಿಡ್ನಿ ಎರಡೂ ಸೋತವು. ವೆಂಟಿಲೇಟರ್ ಹಾಕಿದರು. ಮೂಗಿನ ನಳಿಕೆಯಿಂದ ಊಟ ಕೊಟ್ಟರು. "ಹೊಟ್ಟೆ ಖಾಲಿ ಬಿಟ್ರೆ ಗ್ರಂಥಿಗೆ ರೆಸ್ಟು" ಅನ್ನುವ ಹಳೇ ನಂಬಿಕೆ ಈಗಿಲ್ಲ. ಕರುಳಿಗೆ ಕೆಲಸ ಕೊಟ್ಟರೆ ಸೋಂಕು ಕಡಿಮೆ. ಸಿಟಿ ಸ್ಕ್ಯಾನಿನಲ್ಲಿ ಗ್ರಂಥಿಯ ಅರ್ಧಕ್ಕಿಂತ ಜಾಸ್ತಿ ಭಾಗ ಸತ್ತಿರುವುದು ಕಂಡಿತು.

ನಾಲ್ಕನೇ ವಾರಕ್ಕೆ ಚಳಿಜ್ವರ. ಸತ್ತ ಭಾಗಕ್ಕೆ ಸೋಂಕು ತಗುಲಿತ್ತು. ಮುಂಚೆ ಆಗಿದ್ದರೆ ಹೊಟ್ಟೆ ಕೊಯ್ದು ಎಲ್ಲ ತೆಗೆಯುತ್ತಿದ್ದರು. 2010ರಲ್ಲಿ ನೆದರ್‌ಲ್ಯಾಂಡ್ಸ್‌ನಿಂದ ಬಂದ ಒಂದು ಅಧ್ಯಯನ ಆ ಪದ್ಧತಿಯನ್ನು ಬದಲಿಸಿತು: ಮೊದಲು ನಳಿಕೆ ಹಾಕಿ ಕೀವು ಇಳಿಸಿ, ಸಾಲದಿದ್ದರೆ ಮಾತ್ರ ಮುಂದಿನ ಹೆಜ್ಜೆ. ಆ ಗುಂಪಿನಲ್ಲಿ ಮೂರರಲ್ಲಿ ಒಬ್ಬರಿಗೆ ನಳಿಕೆಯೊಂದೇ ಸಾಕಾಗಿತ್ತು. ಇವರನ್ನು ಆಂಬುಲೆನ್ಸಿನಲ್ಲಿ ಬೆಂಗಳೂರಿಗೆ ಒಯ್ದರು, ಹೆದ್ದಾರಿಯಲ್ಲಿ 260 ಕಿಲೋಮೀಟರ್. ಅಲ್ಲಿ ಎಂಡೋಸ್ಕೋಪಿ ಮೂಲಕ ಜಠರದ ಗೋಡೆಯಲ್ಲೇ ದಾರಿ ಮಾಡಿ, ಲೋಹದ ಸ್ಟೆಂಟ್ (ದಾರಿ ಮುಚ್ಚದಂತೆ ಇಡುವ ಕೊಳವೆ) ಇಟ್ಟು, ಕೀವನ್ನೂ ಸತ್ತ ಭಾಗವನ್ನೂ ಒಳಗಿಂದಲೇ ತೆಗೆದರು. ಸುಮಾರು ಒಂದು ತಿಂಗಳ ನಂತರ ಸ್ಟೆಂಟ್ ತೆಗೆಸಲು ಮತ್ತೆ ಹೋಗಿ ಬಂದರು.

ಇಲ್ಲೊಂದು ಮಾತು. ನೋಡಲು ಬಂದ ನೆಂಟರು ಕೇಳಿದ್ದು ಒಂದೇ: "ಇದು ಕುಡಿಯೋರಿಗೆ ಬರೋ ಕಾಯಿಲೆ ಅಲ್ವಾ?" ಕುಡಿತ ದೊಡ್ಡ ಕಾರಣ ಹೌದು. ಆದರೆ ಪಿತ್ತದ ಕಲ್ಲು ಅದಕ್ಕೆ ಸರಿಸಮ. ರಕ್ತದ ಟ್ರೈಗ್ಲಿಸರೈಡ್ ಅನ್ನುವ ಕೊಬ್ಬು 1000 (ಮಿ.ಗ್ರಾಂ/ಡಿ.ಎಲ್) ದಾಟಿದರೂ ಬರುತ್ತದೆ. ಆ ಪ್ರಶ್ನೆಗೆ ಉತ್ತರ ಕೊಟ್ಟು ಕೊಟ್ಟು ಇವರು ಜನರ ಮುಂದೆ ಬರುವುದನ್ನೇ ನಿಲ್ಲಿಸಿದ್ದರು. ತೊಂದರೆಗಳನ್ನು ಯಾರಿಗೂ ಹೇಳದೆ ಕೂತದ್ದಕ್ಕೆ ಅದೂ ಒಂದು ಕಾರಣ.

ಮನೆಗೆ ಬಂದ ಮೇಲೆ

ಕಾಯಿಲೆಗೆ ಮುಂಚೆ 68 ಕೆ.ಜಿ. ಡಿಸ್ಚಾರ್ಜ್ ದಿನ 52. ನನ್ನ ಮುಂದೆ ಬಂದಾಗ 47.

ಮನೆಯವರು ಇದನ್ನು ನಿಶ್ಶಕ್ತಿ ಅಂದುಕೊಂಡಿದ್ದರು. ಅಷ್ಟು ದೊಡ್ಡ ಕಾಯಿಲೆ, ತೂಕ ಬರಲು ಟೈಮ್ ಬೇಕು ಅಂತ. ಎಣ್ಣೆ, ಖಾರ ಪೂರ್ತಿ ಬಂದ್. ಬರೀ ಗಂಜಿ, ಮೆತ್ತನೆ ಅನ್ನ, ಇಡ್ಲಿ. ಆದರೆ ಶಕ್ತಿ ಬರಲಿ ಅಂತ ಗಂಜಿಗೆ ಎರಡು ಚಮಚ ತುಪ್ಪ, ರಾತ್ರಿ ಬಾದಾಮಿ ಹಾಲು. ಎಣ್ಣೆ ಪಥ್ಯ ಇರುವ ಮನೆಯಲ್ಲಿ ತುಪ್ಪ ಮಾತ್ರ ಔಷಧಿಯ ಲೆಕ್ಕಕ್ಕೆ ಸೇರಿಬಿಡುತ್ತದೆ!

ಸಂಡಾಸದ ಬಗ್ಗೆ ಕೇಳಿದೆ. "ಸರಿ ಆಗುತ್ರಿ ಮೇಡಂ" ಅಂದರು. ಸೊಸೆ ತಲೆ ತಗ್ಗಿಸಿ ಕೂತಿದ್ದಳು. ಅತ್ತೆಯನ್ನು ತೂಕ ನೋಡಲು ಆ ಕಡೆ ಕಳಿಸಿದಾಗ ಹೇಳಿದಳು: ದಿನಕ್ಕೆ ನಾಲ್ಕು ಸಲ ಹೋಗುತ್ತಾರೆ, ಬಣ್ಣ ಬಿಳಿಚು, ನೀರಿನ ಮೇಲೆ ತೇಲುತ್ತದೆ, ಎರಡು ಬಕೆಟ್ ಹಾಕಿದರೂ ಹೋಗುವುದಿಲ್ಲ, ಪ್ಯಾನಿನ ಅಂಚಿಗೆ ಬಾಣಲೆ ತೊಳೆದ ನೀರಿನ ಜಿಡ್ಡಿನ ಹಾಗೆ ಅಂಟಿಕೊಳ್ಳುತ್ತದೆ. ದಿನಾ ತಿಕ್ಕುತ್ತಿದ್ದವಳು ಅವಳೇ. ಅತ್ತೆಗೆ ನಾಚಿಕೆಯಾಗಬಾರದು ಅಂತ ಗಂಡನಿಗೂ ಹೇಳಿರಲಿಲ್ಲ. ಈ ಪ್ರಕರಣದಲ್ಲಿ ಕಾಯಿಲೆ ಕಂಡುಹಿಡಿದದ್ದು ಯಾರು ಅಂತ ಕೇಳಿದರೆ ನಾನು ಆ ಹುಡುಗಿಯ ಕಡೆ ಕೈ ತೋರಿಸುತ್ತೇನೆ.

ತಿಂದ ಕೊಬ್ಬು ಅರಗದೆ ಹಾಗೇ ಹೊರಗೆ ಹೋಗುತ್ತಿತ್ತು. ಗ್ರಂಥಿಯ ದೊಡ್ಡ ಭಾಗ ಸತ್ತ ಮೇಲೆ ಉಳಿದ ಭಾಗಕ್ಕೆ ಸಾಕಷ್ಟು ಜೀರ್ಣರಸ ಕೊಡಲು ಆಗುವುದಿಲ್ಲ. ಅವರ ಡಾಕ್ಟರು ಮಲದ ಇಲಾಸ್ಟೇಸ್ (ಇದೇ ಗ್ರಂಥಿಯ ಇನ್ನೊಂದು ಜೀರ್ಣರಸ) ಪರೀಕ್ಷೆ ಬರೆದರು. ಒಂದು ಗ್ರಾಂ ಮಲದಲ್ಲಿ 200 ಮೈಕ್ರೋಗ್ರಾಂಗಿಂತ ಮೇಲಿದ್ದರೆ ಸರಿ, 100ಕ್ಕಿಂತ ಕೆಳಗಿದ್ದರೆ ಕೊರತೆ ಜೋರು. ಇವರದು 62.

ಹಾಗಂತ ಡಿಸ್ಚಾರ್ಜ್ ಚೀಟಿಯಲ್ಲಿ ಜೀರ್ಣರಸದ ಎನ್‌ಜೈಮ್ ಕ್ಯಾಪ್ಸೂಲ್ ಇರಲಿಲ್ಲ ಅಂತಲ್ಲ. ಇತ್ತು. 10,000 ಯೂನಿಟ್ಟಿನದು, ದಿನಕ್ಕೆ ಎರಡು. ಅವರು ತಪ್ಪದೆ ನುಂಗುತ್ತಿದ್ದರು, ಊಟ ಮುಗಿದ ಮೇಲೆ, ಉಳಿದ ಮಾತ್ರೆಗಳ ಜೊತೆ, ಬಿಸಿ ನೀರಲ್ಲಿ.

ಇಲ್ಲಿ ಒಂದೊಂದೂ ತಪ್ಪಿತ್ತು. ಗಟ್ಟಿಮುಟ್ಟಾದ ಗ್ರಂಥಿ ಒಂದು ಊಟಕ್ಕೆ ಲಕ್ಷಗಟ್ಟಲೆ ಯೂನಿಟ್ ಲೈಪೇಸ್ ಸುರಿಸುತ್ತದೆ. ದೊಡ್ಡವರಿಗೆ ಪೂರ್ತಿ ಊಟಕ್ಕೆ 40,000ದಿಂದ 50,000, ತಿಂಡಿಗೆ ಅದರ ಅರ್ಧ ಬೇಕು ಅನ್ನುವುದು ಸಾಮಾನ್ಯ ಲೆಕ್ಕ. ಕ್ಯಾಪ್ಸೂಲ್ ಅನ್ನದ ಜೊತೆ ಕಲೆತು ಒಟ್ಟಿಗೇ ಕರುಳಿಗೆ ಇಳಿಯಬೇಕು. ಊಟ ಮುಂದೆ ಹೋದ ಮೇಲೆ ಹಿಂದಿನಿಂದ ಇದು ಹೋದರೆ ಏನು ಪ್ರಯೋಜನ? ಮೊದಲ ತುತ್ತಿಗೆ ಒಂದು, ಊಟದ ನಡುವೆ ಇನ್ನೊಂದು. ಕ್ಯಾಪ್ಸೂಲಿನ ಒಳಗಿನ ಕಾಳುಗಳಿಗೆ ಜಠರದ ಆಮ್ಲ ತಾಗದ ಹಾಗೆ ಲೇಪ ಇರುತ್ತದೆ. ಅಗಿಯಬಾರದು, ಪುಡಿ ಮಾಡಬಾರದು, ಬಿಸಿ ಚಹಾ, ಬಿಸಿ ನೀರಿನ ಜೊತೆ ನುಂಗಬಾರದು. ಡಾಕ್ಟರು 25,000ದ ಎರಡೆರಡು ಕ್ಯಾಪ್ಸೂಲ್ ಊಟಕ್ಕೆ, ಒಂದು ತಿಂಡಿಗೆ ಬರೆದರು. ಜೊತೆಗೆ ಆಮ್ಲ ಕಡಿಮೆ ಮಾಡುವ ಮಾತ್ರೆ.

ಹಂದಿಯದು

ಎರಡನೇ ಭೇಟಿಯಲ್ಲಿ ಅವರೇ ಕೇಳಿದರು. "ಮೆಡಿಕಲ್ ಶಾಪಿನ ಹುಡುಗ ಇದು ಪ್ರಾಣೀದು ಅಂದ. ಯಾವ ಪ್ರಾಣೀದ್ರಿ?"

ಅವರ ಮನೆ ಲಿಂಗಾಯತರದು. ದಿನಾ ಸ್ನಾನ ಮಾಡಿ ಇಷ್ಟಲಿಂಗ ಪೂಜೆ ಮಾಡದೆ ಬಾಯಿಗೆ ಏನೂ ಹಾಕುವವರಲ್ಲ. ಮನೆಯಲ್ಲಿ ಮೊಟ್ಟೆಯೂ ಬರುವುದಿಲ್ಲ. ಹಂದಿಯ ಮೇದೋಜೀರಕ ಗ್ರಂಥಿಯಿಂದ ತೆಗೆದದ್ದು ಅಂತ ನೇರವಾಗಿ ಹೇಳಿದೆ. ಕೆಲವು ಕಡೆ ಇದನ್ನು ಮುಚ್ಚಿಡುತ್ತಾರೆ, "ಸುಮ್ನೆ ಯಾಕೆ ತಲೆ ಕೆಡಿಸೋದು" ಅಂತ. ನನಗೆ ಅದು ಒಪ್ಪಿಗೆಯಿಲ್ಲ. ವರ್ಷಗಟ್ಟಲೆ ನುಂಗಬೇಕಾದ ಔಷಧಿ ಇದು. ಇವತ್ತಲ್ಲ ನಾಳೆ ಯಾರೋ ಒಬ್ಬರು ಹೇಳೇ ಹೇಳುತ್ತಾರೆ. ಆವತ್ತಿನಿಂದ ಅವರು ಮಾತ್ರೆಯನ್ನೂ ನಂಬುವುದಿಲ್ಲ, ನಮ್ಮನ್ನೂ ನಂಬುವುದಿಲ್ಲ.

ಸಸ್ಯಮೂಲದ್ದು ಇದೆಯಲ್ಲ ಅಂತ ಮಗ ಒಂದು ಜೀರ್ಣದ ಸಿರಪ್ ತಂದು ತೋರಿಸಿದ. ಅಜೀರ್ಣಕ್ಕೆ ಮಾರುವ ಆ ಸಿರಪ್ಪುಗಳಲ್ಲಿ ಇವರಿಗೆ ಬೇಕಾದಷ್ಟು ಲೈಪೇಸ್ ಇರುವುದಿಲ್ಲ. ಈ ಕ್ಯಾಪ್ಸೂಲಿನ ಜಾಗಕ್ಕೆ ಅವು ಬರುವುದಿಲ್ಲ.

ಅವರು ಕೆಲವು ದಿನ ತಗೊಳ್ಳಲಿಲ್ಲ. ನಾನು ಫೋನ್ ಮಾಡಿ ಒತ್ತಾಯ ಮಾಡಲಿಲ್ಲ. ಆ ದಿನಗಳಲ್ಲಿ ತೂಕ ಮತ್ತೆ ಒಂದು ಕೆ.ಜಿ. ಇಳಿಯಿತು. ಮನೆಯಲ್ಲಿ ಏನು ಮಾತಾಯಿತೋ, ತಾವು ನಡೆದುಕೊಳ್ಳುವ ಮಠಕ್ಕೆ ಹೋಗಿ ಬಂದರು ಅಂತ ಸೊಸೆ ಹೇಳಿದಳು. ಆಮೇಲೆ ಅವರೇ ಒಂದು ಏರ್ಪಾಡು ಮಾಡಿಕೊಂಡರು. ಬಾಟಲಿ ಅಡುಗೆಮನೆಗೆ ಬರಬಾರದು, ದೇವರ ಜಗಲಿಯ ಹತ್ತಿರವೂ ಬರಬಾರದು. ಮುಂದಿನ ಕೋಣೆಯಲ್ಲಿ, ಗಲ್ಲಾ ಪೆಟ್ಟಿಗೆಯ ಕೆಳಗಿನ ಖಾನೆಯಲ್ಲಿ ಇರಬೇಕು. ಪೂಜೆ ಮೊದಲು, ಕ್ಯಾಪ್ಸೂಲ್ ಆಮೇಲೆ.

ಔಷಧಿಗೂ ಅದೇ ಒಳ್ಳೆಯದಾಯಿತು. ಈ ಎನ್‌ಜೈಮ್ ಬಿಸಿಲಿಗೆ, ಸೆಕೆಗೆ ಕೆಡುತ್ತದೆ. ತಂಪಾದ ಜಾಗದಲ್ಲಿಡಬೇಕು. ಏಪ್ರಿಲ್‌ನಲ್ಲಿ ನಮ್ಮೂರು ಹೇಗಿರುತ್ತದೆ ಗೊತ್ತಲ್ಲ, ಅದರ ಮೇಲೆ ನಾಲ್ಕು ಒಲೆ ಉರಿಯುವ ಅಡುಗೆಮನೆ.

ಊಟ ಅಂದರೆ ಯಾವುದು

ಡೋಸ್ ಸರಿಯಾಯಿತು, ಕ್ಯಾಪ್ಸೂಲ್ ನುಂಗುತ್ತಿದ್ದರು. ಆದರೂ ಜಿಡ್ಡು ಪೂರ್ತಿ ನಿಲ್ಲಲಿಲ್ಲ. ತೂಕವೂ ಏರಲಿಲ್ಲ. ಆಗ ಸೊಸೆಗೆ ಒಂದು ಕೆಲಸ ಹೇಳಿದೆ: ಅತ್ತೆಯ ಬಾಯಿಗೆ ಹೋಗುವುದೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರಿ, ಚಮಚದಷ್ಟಾದರೂ ಸರಿ.

ಅವಳು ತಂದ ಪುಟ ನನ್ನ ಹತ್ತಿರ ಈಗಲೂ ಇದೆ. ಬೆಳಿಗ್ಗೆ ಹಾಲು ಹಾಕಿದ ಚಹಾ, ಎರಡು ಬಿಸ್ಕತ್ತು. ಒಂಬತ್ತಕ್ಕೆ ನಿಂತುಕೊಂಡೇ ಅರ್ಧ ದೋಸೆ. ಹತ್ತೂವರೆಗೆ ಎಣ್ಣೆಗಾಯಿ ರುಚಿ. ಸ್ವಲ್ಪ ಹೊತ್ತಿಗೆ ಸಾರು ರುಚಿ, ಮತ್ತೆ ಉಪ್ಪು ಹಾಕಿ ಮತ್ತೆ ರುಚಿ. ಶೇಂಗಾ ಚಟ್ನಿ ಬೆರಳಲ್ಲಿ. ಕಾಳು ಬೆಂದಿದೆಯಾ ಅಂತ ನಾಲ್ಕು ಕಾಳು. ಗಿರಾಕಿಗಳು ಹೋದ ಮೇಲೆ ಮೂರೂವರೆಗೆ ಊಟ, ಅದೂ ಉಳಿದದ್ದು. ಸಂಜೆ ಚಹಾ, ಒಗ್ಗರಣೆ ಮಂಡಕ್ಕಿ. ರಾತ್ರಿ ಹತ್ತೂವರೆಗೆ ರೊಟ್ಟಿ. ಕ್ಯಾಪ್ಸೂಲ್ ಮಾತ್ರ ಎರಡೇ ಹೊತ್ತು, ಮೂರೂವರೆಗೆ ಮತ್ತು ಹತ್ತೂವರೆಗೆ. ಯಾಕೆ ಅಂದರೆ ಚೀಟಿಯಲ್ಲಿ 'ಊಟದ ಜೊತೆ' ಅಂತ ಬರೆದಿತ್ತು. ಅವರ ಪ್ರಕಾರ ಊಟ ಅಂದರೆ ಆ ಎರಡೇ. ಉಳಿದದ್ದು ಊಟವಲ್ಲ, ಕೆಲಸ.

ನಾವು ಚೀಟಿ ಬರೆಯುವವರು ಮೂರು ಹೊತ್ತು ತಟ್ಟೆ ಮುಂದೆ ಕೂರುವ ಮನುಷ್ಯನನ್ನು ಕಲ್ಪಿಸಿಕೊಂಡು ಬರೆಯುತ್ತೇವೆ. ಅಡುಗೆ ಮಾಡುವ ಎಷ್ಟು ಹೆಂಗಸರು ಹಾಗೆ ಕೂರುತ್ತಾರೆ?

ನಾನು ಎರಡು ವಿಷಯ ಕೇಳಿಕೊಂಡೆ. ರುಚಿ ನೋಡುವ ಕೆಲಸ ಸೊಸೆಗೆ ಬಿಡಿ. ಹನ್ನೊಂದೂವರೆಗೆ, ಗಿರಾಕಿಗಳು ಬರುವುದಕ್ಕೆ ಮುಂಚೆ, ಕೂತು ಒಂದು ಊಟ ಮಾಡಿ. ಎರಡಕ್ಕೂ ಒಪ್ಪಲಿಲ್ಲ. "ಅಡುಗಿಯಾಕಿ ರುಚಿ ನೋಡದಿದ್ರೆ ಉಪ್ಪು ಯಾರು ನೋಡ್ತಾರ್ರಿ ಮೇಡಂ? ದುಡ್ಡು ಕೊಟ್ಟು ಉಣ್ಣೋರಿಗಿಂತ ಮುಂಚೆ ನಾನು ಉಣ್ಣೋದಾ?" ಅಂದರು. ಇಲ್ಲಿಯವರೆಗೆ ಬಾಗಿಲ ಹತ್ತಿರ ಸುಮ್ಮನೆ ನಿಂತಿದ್ದ ಗಂಡ ಅಲ್ಲಿಂದಲೇ ಹೇಳಿದರು: "ಉಪ್ಪು ಜಾಸ್ತಿ ಆದ್ರೆ ಬೈಸ್ಕೊಳ್ಳೋಕೆ ನಾನಿದೀನಿ, ನೀ ಉಣ್ಣು."

ಮೊದಲ ವಾರ ಎಣ್ಣೆಗಾಯಿ ಉಪ್ಪಾಯಿತಂತೆ. ಹುಡುಗರು ದೂರಿದರಂತೆ. ಆದರೆ ಮೂರನೇ ವಾರಕ್ಕೆ ಸಂಡಾಸಕ್ಕೆ ದಿನಕ್ಕೆ ಒಂದೋ ಎರಡೋ ಸಲ ಅಷ್ಟೇ. ಎರಡು ತಿಂಗಳಿಗೆ ತೂಕ 50.

ಪಥ್ಯದಲ್ಲೂ ಬದಲಾವಣೆ ಮಾಡಿದೆವು. ಎಣ್ಣೆಗೆ ಹೆದರಿ ಪೂರ್ತಿ ಬಿಡುವುದು ಇಂಥವರಿಗೆ ಒಳ್ಳೆಯದಲ್ಲ. ಶಕ್ತಿಯೂ ಸಿಗುವುದಿಲ್ಲ, ಎ, ಡಿ, ಇ, ಕೆ ವಿಟಮಿನ್ನುಗಳೂ ಸಿಗುವುದಿಲ್ಲ. ಒಗ್ಗರಣೆಗೆ ಮಾಮೂಲಿ ಎಣ್ಣೆ, ಶೇಂಗಾ ಚಟ್ನಿ, ಮೊಸರು ವಾಪಸ್ ಬಂದವು, ಕ್ಯಾಪ್ಸೂಲಿನ ಜೊತೆ. ಜೋಳದ ರೊಟ್ಟಿಯನ್ನೇ ನಾನು ಸ್ವಲ್ಪ ದಿನ ಕಡಿಮೆ ಮಾಡಿಸಿದ್ದು. ನಾರು ತೀರಾ ಜಾಸ್ತಿಯಾದರೆ ಎನ್‌ಜೈಮಿನ ಕೆಲಸ ಕುಂಠಿತವಾಗುತ್ತದೆ, ಹೊಟ್ಟೆಯೂ ಬೇಗ ತುಂಬಿಬಿಡುತ್ತದೆ. ಖಾನಾವಳಿಯ ಯಜಮಾನಿಗೆ ರೊಟ್ಟಿ ಬೇಡ ಅನ್ನುವುದು ಸುಲಭದ ಮಾತಲ್ಲ. ಬೆಣ್ಣೆ ದೋಸೆಯ ಪ್ರಶ್ನೆಯೂ ಬಂತು, ಈ ಊರಲ್ಲಿ ಬಾರದೆ ಇರುತ್ತದಾ? ಮೊದಲು ಪಿತ್ತಕೋಶದ ಆಪರೇಷನ್ ಆಗಲಿ ಅಂದೆ. ಮೇದೋಜೀರಕ ಗ್ರಂಥಿಯ ಸುತ್ತ ತುಂಬಿದ್ದ ದ್ರವ ಒಣಗಿ, ತೂಕ ಸ್ವಲ್ಪ ಕೂಡಿದ ಮೇಲೆ ಲ್ಯಾಪ್ರೋಸ್ಕೋಪಿಯಲ್ಲಿ ಪಿತ್ತಕೋಶ ತೆಗೆದರು. ಕಲ್ಲು ಉಳಿದಿದ್ದರೆ ಇನ್ನೊಂದು ಸಲ ಬರುವ ಅಪಾಯ ತಪ್ಪುತ್ತಿರಲಿಲ್ಲ. ಆಮೇಲೆ ಒಂದು ದೋಸೆ, ಎರಡು ಕ್ಯಾಪ್ಸೂಲ್, ಮೇಲೆ ಇನ್ನಷ್ಟು ಬೆಣ್ಣೆ ಹಾಕಿಸಿಕೊಳ್ಳುವಂತಿಲ್ಲ. ಏನೂ ಆಗಲಿಲ್ಲ.

ಸಕ್ಕರೆ

ಊಟ ಅರಗಲು ಶುರುವಾದ ಕೂಡಲೇ ರಕ್ತದ ಸಕ್ಕರೆ ಏರಿತು. ಇದು ಆಶ್ಚರ್ಯವಲ್ಲ. ಇನ್ಸುಲಿನ್ ಮಾಡುವ ಜಾಗವೂ ಅದೇ ಗ್ರಂಥಿ. ಈ ಬಗೆಯ ಮಧುಮೇಹವನ್ನು 'ಟೈಪ್ 3ಸಿ' ಅನ್ನುತ್ತಾರೆ. ಡಾಕ್ಟರು ಇನ್ಸುಲಿನ್ ಶುರು ಮಾಡಿದರು.

ಮನೆಗೆ ಈಗ ಎರಡು ಥರದ ಸಲಹೆ ಬರತೊಡಗಿತು. ಅನ್ನ ಬಿಡಿ, ಚಪಾತಿ ತಿನ್ನಿ, ಮೆಂತ್ಯದ ನೀರು ಕುಡಿಯಿರಿ ಅಂತ ಅಕ್ಕಪಕ್ಕದವರು. ತಿನ್ನಿ, ಇನ್ನೂ ತಿನ್ನಿ ಅಂತ ನಾನು. 50 ಕೆ.ಜಿ. ತೂಕದ, ತೊಡೆಯ ಮಾಂಸ ಕರಗಿದ ಹೆಂಗಸಿಗೆ ಸಕ್ಕರೆ ಕಾಯಿಲೆಯ ಮಾಮೂಲಿ ಪಥ್ಯ ಹೊಂದುವುದಿಲ್ಲ. ಊಟ ಕಡಿಮೆ ಮಾಡಿ ಸಕ್ಕರೆ ಇಳಿಸುವುದಲ್ಲ, ಊಟಕ್ಕೆ ತಕ್ಕ ಹಾಗೆ ಇನ್ಸುಲಿನ್ ಹೊಂದಿಸುವುದು. ಇದರಲ್ಲಿ ನನಗೆ ಅನುಮಾನವೇ ಇಲ್ಲ.

ಅಪಾಯ ಬೇರೆ ಕಡೆ ಇತ್ತು. ಒಂದು ಬೆಳಿಗ್ಗೆ ಇನ್ಸುಲಿನ್ ಹಾಕಿಕೊಂಡು, ಅಷ್ಟರಲ್ಲಿ ಹಾಲಿನವನು ಬಂದ, ತರಕಾರಿ ಬಂತು, ದೋಸೆ ತಣ್ಣಗಾಯಿತು. ಬೆವರು, ಕೈ ನಡುಕ, ಮಾತು ತೊದಲು. ಮೀಟರಿನಲ್ಲಿ 54. ಸಾಮಾನ್ಯ ಮಧುಮೇಹದಲ್ಲಿ ಸಕ್ಕರೆ ಇಳಿದಾಗ ಗ್ಲೂಕಗಾನ್ ಅನ್ನುವ ಹಾರ್ಮೋನು ಒಂದಷ್ಟು ಕಾಪಾಡುತ್ತದೆ. ಅದನ್ನು ಮಾಡುವ ಜೀವಕೋಶಗಳೂ ಇವರ ಗ್ರಂಥಿಯ ಜೊತೆ ಹೋಗಿವೆ. ಹಾಗಾಗಿ ಇಳಿದರೆ ಜೋರಾಗಿ ಇಳಿಯುತ್ತದೆ. ಸೊಸೆ ಮೂರು ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸಿದಳು, ಕಾಲು ಗಂಟೆಗೆ ಮತ್ತೆ ಚೆಕ್ ಮಾಡಿದಳು. ಅವತ್ತಿನಿಂದ ತಟ್ಟೆ ಮುಂದೆ ಬಂದ ಮೇಲೇ ಸೂಜಿ.

ಉಳಿದದ್ದು

ಕೂದಲು ಮೂರನೇ ತಿಂಗಳಿಗೆ ಹಿಡಿಹಿಡಿಯಾಗಿ ಉದುರಿತು, ಆಮೇಲೆ ತಾನೇ ಬಂತು. ದೊಡ್ಡ ಕಾಯಿಲೆಯ ನಂತರ ಇದು ಆಗುವುದೇ. ಬಿ12, ವಿಟಮಿನ್ ಡಿ ಎರಡೂ ಕಡಿಮೆ ಇದ್ದವು, ಕೊಟ್ಟೆವು. ಕೈಕಾಲಿನ ಬಲಕ್ಕೆ ಕುರ್ಚಿಯಿಂದ ಎದ್ದು ಕೂರುವ ವ್ಯಾಯಾಮ, ಕುಂದುವಾಡ ಕೆರೆಯ ಏರಿ ಮೇಲೆ ನಡಿಗೆ. ಅವರ ಅಳತೆ ಬೇರೆ ಇತ್ತು: ಎಷ್ಟು ರೊಟ್ಟಿ ಬಡಿದೆ ಅನ್ನುವುದು. ಶುರುವಿನಲ್ಲಿ ಎರಡು ಬಡಿಯುವ ಹೊತ್ತಿಗೆ ಭುಜ ಸೋಲುತ್ತಿತ್ತು.

ಮನಸ್ಸಿನ ಪೆಟ್ಟು ನಿಧಾನ. ಐಸಿಯುನಲ್ಲಿ ಕೈ ಕಟ್ಟಿದ್ದರಂತೆ, ನಳಿಕೆ ಕೀಳಬಾರದು ಅಂತ. ಇವರಿಗೆ ಗಿರಾಕಿಗಳು ಸಾಲಾಗಿ ಕೂತು ರೊಟ್ಟಿ ಕೇಳಿದ ಹಾಗೆ, ಎಷ್ಟು ಬಡಿದರೂ ಕೈ ಏಳದ ಹಾಗೆ ಕಾಣುತ್ತಿತ್ತಂತೆ. ಅದು ಈಗಲೂ ಕನಸಿನಲ್ಲಿ ಬರುತ್ತದೆ. ಐಸಿಯು ರೋಗಿಗಳಲ್ಲಿ ಇಂಥ ಭ್ರಮೆ ಮಾಮೂಲು, ಹುಚ್ಚಲ್ಲ ಅಂತ ಯಾರೂ ಅವರಿಗೆ ಹೇಳಿರಲಿಲ್ಲ. ಹೊಟ್ಟೆ ಸ್ವಲ್ಪ ಹಿಡಿದರೂ ಮತ್ತೆ ಬಂತು ಅಂತ ಹೆದರುತ್ತಾರೆ. ಅದಕ್ಕೇ ಯಾವುದಕ್ಕೆ ಓಡಬೇಕು ಅಂತ ಬರೆದುಕೊಟ್ಟಿದ್ದೇನೆ: ಬೆನ್ನಿಗೆ ಹಾಯುವ ಬಿಡದ ನೋವು ಮತ್ತು ವಾಂತಿ, ಚಳಿಜ್ವರ, ಕಣ್ಣು ಹಳದಿ, ಕಪ್ಪು ಮಲ ಅಥವಾ ರಕ್ತ ವಾಂತಿ. ಕೊನೆಯದು ಇವರಿಗೆ ಮುಖ್ಯ. ಗುಲ್ಮದ (ಸ್ಪ್ಲೀನ್) ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದು ಸ್ಕ್ಯಾನಿನಲ್ಲಿದೆ. ಅದರಿಂದ ಜಠರದ ರಕ್ತನಾಳಗಳು ಉಬ್ಬಿ ಒಡೆಯುವ ಸಾಧ್ಯತೆ ಇರುತ್ತದೆ.

ದುಡ್ಡಿನ ಮಾತು. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಕಾರ್ಡಿನಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಇದೆ, ಆದರೆ ಅದು ಆಸ್ಪತ್ರೆಯೊಳಗಿನ ಚಿಕಿತ್ಸೆಗೆ. ದಿನಾ ಆರೇಳು ಕ್ಯಾಪ್ಸೂಲ್ ಕೈಯಿಂದಲೇ ಕೊಳ್ಳಬೇಕು. ಈ ಮನೆಯಲ್ಲಿ ತಿಂಗಳ ಕೊನೆಗೆ ಒಂದೊಂದು ಕಡಿಮೆ ಮಾಡುವ ಅಭ್ಯಾಸ ಶುರುವಾಗಿತ್ತು. ಸೊಸೆಯ ನೋಟ್‌ಬುಕ್ಕಿನಲ್ಲೇ ಸಿಕ್ಕಿಬಿತ್ತು. ಚಹಾದ ಹಾಲು ಕಡಿಮೆ ಮಾಡಿ ಬಿಸ್ಕತ್ತು ಬಿಟ್ಟರೆ ಬೆಳಿಗ್ಗೆಯ ಒಂದು ಉಳಿಯುತ್ತದೆ, ಊಟದ್ದು ಕಡಿಮೆ ಮಾಡುವಂತಿಲ್ಲ ಅಂತ ಒಪ್ಪಂದವಾಗಿದೆ.

ಈಗ ಒಂದೂವರೆ ವರ್ಷ. ತೂಕ 57. ಇಲಾಸ್ಟೇಸ್ ಮತ್ತೆ ಮಾಡಿಸಿದಾಗ 80ರ ಆಸುಪಾಸು. ಕೆಲವರಲ್ಲಿ ಗ್ರಂಥಿ ನಿಧಾನಕ್ಕೆ ಚೇತರಿಸುತ್ತದೆ. ಅರ್ಧಕ್ಕಿಂತ ಜಾಸ್ತಿ ಹೋದವರಲ್ಲಿ ಆಸೆ ಕಡಿಮೆ. ಕ್ಯಾಪ್ಸೂಲೂ ಇನ್ಸುಲಿನ್ನೂ ಮುಂದುವರಿದಿವೆ. ಹೋದ ಸಲ ಬಂದಾಗ ಶಿವರಾತ್ರಿ ಉಪವಾಸದ ಬಗ್ಗೆ ಕೇಳಿದರು. ನಿರಾಹಾರ ಬೇಡ ಅಂದೆ. ಆ ದಿನದ ಇನ್ಸುಲಿನ್ ಎಷ್ಟು ಅಂತ ಡಾಕ್ಟರು ಮುಂಚೆಯೇ ಬರೆದುಕೊಡುತ್ತಾರೆ. ಬರೀ ಹಣ್ಣಿಗೆ ಕ್ಯಾಪ್ಸೂಲ್ ಬೇಡ, ಹಾಲಿಗೆ ಒಂದು. ಜಾಗರಣೆ ಮಾಡಿದರೆ ನಡುರಾತ್ರಿ ಒಮ್ಮೆ ಮೀಟರ್ ನೋಡಬೇಕು, ಸಕ್ಕರೆ ಡಬ್ಬಿ ಕೈಗೆ ಸಿಗುವ ಹಾಗಿರಬೇಕು. "ಗುಡಿಗೆ ಮೀಟರ್ ತಗೊಂಡು ಹೋಗ್ಬೇಕಾ?" ಅಂದರು. ಸೊಸೆ ತನ್ನ ಬ್ಯಾಗಿನಲ್ಲಿ ಇಟ್ಟುಕೊಳ್ಳುತ್ತೇನೆ ಅಂದಳು. ಮುಂದಿನ ಭೇಟಿಗೆ ಮೂಳೆಯ ಸ್ಕ್ಯಾನ್ ಮಾಡಿಸಿಕೊಂಡು ಬರಲು ಹೇಳಿದ್ದೇನೆ.